ಠಾಣೆಯಲ್ಲಿ ರೈತನ ಕೋವಿ, ಬೀದಿಯಲ್ಲಿ ಕಂಟ್ರಿ ಪಿಸ್ತೂಲು

ಚುನಾವಣೆ ಘೋಷಣೆಯಾದರೆ ಸಾಕು, ಮಲೆನಾಡು ಮತ್ತು ಕರಾವಳಿಯ ಪೊಲೀಸ್ ಠಾಣೆಗಳ ಮುಂದೆ ರೈತರು ಕೋವಿ ಹೊತ್ತು ಬಂದು ನಿಲ್ಲುತ್ತಾರೆ. ಕೆಲವರದು ಕೇಪಿನ ಕೋವಿ, ಕೆಲವರದು ತೋಟೆ ಕೋವಿ. ಹಳೇ ಪಂಚೆಯಲ್ಲೋ ಗೋಣಿಯಲ್ಲೋ ಸುತ್ತಿರುತ್ತಾರೆ, ಬಸ್ಸಿನಲ್ಲಿ ಕೂತವರು ಗಾಬರಿಯಾಗದಿರಲಿ ಎಂದು. ಪರವಾನಗಿ ಪುಸ್ತಕ ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿರುತ್ತದೆ. ಸಿಬ್ಬಂದಿ ಕೋವಿಯ ನಂಬರ್ ತಾಳೆ ನೋಡಿ, ಹೆಸರಿನ ಚೀಟಿಯನ್ನು ದಾರದಲ್ಲಿ ಕಟ್ಟಿ, ರಸೀದಿ ಬರೆದುಕೊಟ್ಟು, ಒಳಕೋಣೆಯ ಗೋಡೆಗೆ ಒರಗಿಸುತ್ತಾರೆ. ಫಲಿತಾಂಶ ಬಂದು ನೀತಿಸಂಹಿತೆ ತೆರವಾದ ಮೇಲೆ ಮತ್ತೆ ಅದೇ ಸಾಲು. ಅಷ್ಟು ಹೊತ್ತಿಗೆ ನಳಿಗೆಗೆ ತುಕ್ಕು ಹಿಡಿದಿರುತ್ತದೆ. ತೋಟದಲ್ಲಿ ಎಳನೀರು, ಎಳೆ ಅಡಿಕೆ ಮಂಗಗಳ ಪಾಲಾಗಿರುತ್ತದೆ. ಹಂದಿಗಳು ಗದ್ದೆ ಮಗುಚಿ ಹಾಕಿರುತ್ತವೆ. ಒಂದು ಚುನಾವಣೆ ಮುಗಿದರೆ ಇನ್ನೊಂದು ಬರುತ್ತದೆ. ನಲವತ್ತು ವರ್ಷದಲ್ಲಿ ಒಂದು ಈಡನ್ನೂ ಮನುಷ್ಯರತ್ತ ಹೊಡೆಯದ ಮುದುಕರೂ ಪ್ರತಿ ಬಾರಿ ತಾವು ಅಪಾಯಕಾರಿಗಳಲ್ಲವೆಂದು ಸಾಬೀತು ಮಾಡುತ್ತಲೇ ಇರಬೇಕು.

ಇದೇ ರಾಜ್ಯದ ಬೀದರ್‌ನಲ್ಲಿ, 2025ರ ಜನವರಿ 16ರಂದು, ಎಟಿಎಂಗೆ ಹಣ ತುಂಬಲು ಬಂದ ಸಿಬ್ಬಂದಿಯ ಮೇಲೆ ಬೈಕಿನಲ್ಲಿ ಬಂದ ಇಬ್ಬರು ಹಾಡಹಗಲೇ ಗುಂಡು ಹಾರಿಸಿದರು. ಒಬ್ಬರು ಸತ್ತರು, ಇನ್ನೊಬ್ಬರು ಗಾಯಗೊಂಡರು. ಹಣದ ಪೆಟ್ಟಿಗೆ ಹೊತ್ತು ಹಂತಕರು ಜನರ ಕಣ್ಣೆದುರೇ ಪರಾರಿಯಾದರು. ಮರುದಿನ ಮಧ್ಯಾಹ್ನ ರಾಜ್ಯದ ಇನ್ನೊಂದು ತುದಿಯಲ್ಲಿ, ಉಳ್ಳಾಲ ಬಳಿಯ ಕೋಟೆಕಾರಿನ ಸಹಕಾರಿ ಸಂಘದ ಶಾಖೆಯೊಂದಕ್ಕೆ ಪಿಸ್ತೂಲು, ತಲವಾರು ಹಿಡಿದು ನುಗ್ಗಿದವರು ಚಿನ್ನ ಮತ್ತು ನಗದು ದೋಚಿಕೊಂಡು ಹೋದರು. ಆ ಆಯುಧಗಳಿಗೆ ಚೀಟಿ ಕಟ್ಟಿದವರು ಯಾರೂ ಇರಲಿಲ್ಲ.

ಬಂದೂಕು ಇಟ್ಟುಕೊಳ್ಳುವುದು ಹಕ್ಕೋ ಅಲ್ಲವೋ ಎಂಬ ಚರ್ಚೆ ನಮ್ಮಲ್ಲಿ ನಡೆಯುವುದೇ ಅಪರೂಪ. ನಡೆದರೂ ಎರಡು ಮಾತಿನಲ್ಲಿ ಮುಗಿಯುತ್ತದೆ: ಎಲ್ಲರಿಗೂ ಕೊಡಿ, ಇಲ್ಲವೇ ಎಲ್ಲರದ್ದೂ ಕಿತ್ತುಕೊಳ್ಳಿ. ಈ ನಡುವೆ ಕೈಜಾರುತ್ತಿರುವ ಸಂಗತಿ ಬೇರೆಯೇ ಇದೆ. ಲೆಕ್ಕಕ್ಕೆ ಸುಲಭವಾಗಿ ಸಿಗುವ ಕೋವಿಯನ್ನು ಆಡಳಿತ ಎಣಿಸಿದ್ದೇ ಎಣಿಸುತ್ತಿದೆ. ಲೆಕ್ಕಕ್ಕೆ ಸಿಗದ ಪಿಸ್ತೂಲು ಊರೂರಿಗೆ ನುಗ್ಗುತ್ತಿದೆ. ಕೋವಿ ಹಿಡಿದವನು ಊರಿಗೆ ಉತ್ತರ ಹೇಳಬೇಕು ಎಂಬ ಹಳೆಯ ಶಿಸ್ತು ಸಡಿಲವಾಗಿ, ಬಂದೂಕು ಹಿಡಿದವನಿಗೆ ಊರೇ ತಲೆಬಾಗಬೇಕು ಎಂಬ ಠೇಂಕಾರ ಬೆಳೆಯುತ್ತಿದೆ. ಇದು ಸಾರ್ವಜನಿಕ ಬದುಕಿನ ಅಧಃಪತನ. ಇದನ್ನು ಬರೀ ಕಾನೂನು ಸುವ್ಯವಸ್ಥೆಯ ಪ್ರಶ್ನೆಯೆಂದು ಗೃಹ ಇಲಾಖೆಯ ತಲೆಗೆ ಕಟ್ಟಿ ಕೈತೊಳೆದುಕೊಳ್ಳಲು ಆಗದು.

ಜಿನೀವಾದ ‘ಸ್ಮಾಲ್ ಆರ್ಮ್ಸ್ ಸರ್ವೆ’ ಸಂಸ್ಥೆ 2018ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ಭಾರತದ ನಾಗರಿಕರ ಬಳಿ ಇರುವ ಬಂದೂಕುಗಳು ಸುಮಾರು 7.11 ಕೋಟಿ. ಅಮೆರಿಕ ಬಿಟ್ಟರೆ ಜಗತ್ತಿನಲ್ಲಿ ಇದೇ ದೊಡ್ಡ ಸಂಖ್ಯೆ. ನಮ್ಮ ಜನಸಂಖ್ಯೆಗೆ ಹೋಲಿಸಿದರೆ ಇದು ನೂರು ಮಂದಿಗೆ ಐದರಷ್ಟೇ ಎಂದು ಸಮಾಧಾನ ಪಟ್ಟುಕೊಳ್ಳಬಹುದಿತ್ತು. ಆದರೆ ಆ 7.11 ಕೋಟಿಯಲ್ಲಿ ನೋಂದಣಿಯಾದವು 97 ಲಕ್ಷ ಮಾತ್ರ. ಉಳಿದ ಆರು ಕೋಟಿಗೂ ಹೆಚ್ಚು ಬಂದೂಕುಗಳಿಗೆ ಸಂಖ್ಯೆಯಿಲ್ಲ, ವಾರಸುದಾರರಿಲ್ಲ, ಯಾವ ಠಾಣೆಯ ಕಡತದಲ್ಲೂ ಹೆಸರಿಲ್ಲ. ಏಳರಲ್ಲಿ ಆರು ಕತ್ತಲೆಯಲ್ಲಿವೆ. ಬೆಳಕಿನಲ್ಲಿರುವ ಒಂದರ ಮೇಲೆ ನಮ್ಮ ಇಡೀ ನಿಯಂತ್ರಣ ವ್ಯವಸ್ಥೆ ನಿಂತಿದೆ.

ಹಕ್ಕಿನ ಮಾತು ಈ ದೇಶಕ್ಕೆ ಹೊಸತೇನಲ್ಲ. 1857ರ ನಂತರ ಬ್ರಿಟಿಷರು ನಾಡಿನವರ ಕೈಯಿಂದ ಆಯುಧ ಕಸಿದುಕೊಂಡರು. 1878ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಭಾರತೀಯನಿಗೆ ಪರವಾನಗಿಯ ಕಟ್ಟುಪಾಡು, ಬಿಳಿಯನಿಗೆ ವಿನಾಯಿತಿ. ಆ ಅವಮಾನ ನಮ್ಮ ಹಿರಿಯರಿಗೆ ಚುಚ್ಚುತ್ತಿತ್ತು. 1931ರ ಕರಾಚಿ ಕಾಂಗ್ರೆಸ್ ಮೂಲಭೂತ ಹಕ್ಕುಗಳ ನಿರ್ಣಯ ಮಾಡಿದಾಗ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕನ್ನೂ ಅದರಲ್ಲಿ ಸೇರಿಸಿತ್ತು. ಸಂವಿಧಾನ ರಚನಾ ಸಭೆಯಲ್ಲಿ ಅದನ್ನು ಮತ್ತೆ ಎತ್ತಿದವರು ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್. ಐಸಿಎಸ್ ಕೆಲಸಕ್ಕೆ ರಾಜೀನಾಮೆ ಕೊಟ್ಟು ಸುಭಾಷರ ಫಾರ್ವರ್ಡ್ ಬ್ಲಾಕ್ ಸೇರಿದ್ದ ಕಾಮತರು 1948ರ ಡಿಸೆಂಬರಿನಲ್ಲಿ ತಿದ್ದುಪಡಿ ತಂದು, ಆಯುಧ ಇಟ್ಟುಕೊಳ್ಳುವ ಹಕ್ಕನ್ನು ನಾಗರಿಕ ಸ್ವಾತಂತ್ರ್ಯಗಳ ಸಾಲಿಗೆ ಸೇರಿಸಬೇಕೆಂದು ವಾದಿಸಿದರು. ಅಂಬೇಡ್ಕರ್ ಒಪ್ಪಲಿಲ್ಲ. ಕಳ್ಳಕಾಕರೂ ಇದೇ ಹಕ್ಕನ್ನು ಮುಂದೊಡ್ಡಿಕೊಂಡು ಬಂದಾರು ಎಂಬುದು ಅವರ ಆತಂಕ. ದೇಶಕ್ಕೆ ಕಷ್ಟ ಬಂದಾಗ ಆಯುಧ ಹಿಡಿಯಬೇಕಾದ ಕರ್ತವ್ಯಕ್ಕೆ ನಾವು ಒತ್ತು ಕೊಡಬೇಕೇ ಹೊರತು ವ್ಯಕ್ತಿಯ ಹಕ್ಕಿಗಲ್ಲ ಎಂಬುದು ಅವರ ವಾದದ ತಿರುಳು. ತಿದ್ದುಪಡಿ ಬಿದ್ದುಹೋಯಿತು.

ಆ ಚರ್ಚೆ ನಡೆದ ವರ್ಷವೇ ಜನವರಿ 30ರಂದು ಬಿರ್ಲಾ ಭವನದ ಅಂಗಳದಲ್ಲಿ ಗಾಂಧೀಜಿ ಕೊಲೆಯಾಗಿತ್ತು. ಗ್ವಾಲಿಯರ್‌ನಲ್ಲಿ ಕೈಯಿಂದ ಕೈಗೆ ಬಂದ, ಹಂತಕನ ಹೆಸರಿಗೆ ಯಾವ ಪರವಾನಗಿಯೂ ಇಲ್ಲದ ಇಟಲಿಯ ಬೆರೆಟ್ಟಾ ಪಿಸ್ತೂಲು ಅದು. ಸ್ವತಂತ್ರ ಭಾರತದ ಅತಿ ದೊಡ್ಡ ಕೊಲೆಯೇ ಲೆಕ್ಕಕ್ಕೆ ಸಿಗದ ಪಿಸ್ತೂಲಿನಿಂದ ಆಯಿತು. ಅಲ್ಲಿಂದ ನೇರವಾಗಿ ನಮ್ಮ ಮನೆಬಾಗಿಲಿಗೆ ಬರೋಣ. 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದಲ್ಲಿ ಬಾಗಿಲು ಬಡಿದವರಿಗೆ ಎದುರಾದ ಎಂ.ಎಂ. ಕಲಬುರ್ಗಿ. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿ ನಗರದ ಮನೆಯ ಮುಂದೆ ಪತ್ರಕರ್ತೆ ಗೌರಿ ಲಂಕೇಶ್. ಎರಡೂ ಕಡೆ ಹಾರಿದ್ದು 7.65 ಎಂ.ಎಂ. ನಾಡ ಪಿಸ್ತೂಲಿನ ಗುಂಡು. ಎರಡೂ ಕೊಲೆಗೆ ಬಳಸಿದ್ದು ಒಂದೇ ಪಿಸ್ತೂಲು ಎಂದು ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಹೇಳಿತು. ಅಂದರೆ ವಚನ ಸಾಹಿತ್ಯದ ದೊಡ್ಡ ಸಂಶೋಧಕರನ್ನು ಕೊಂದ ಆಯುಧ ಎರಡು ವರ್ಷ ಈ ಸೀಮೆಯಲ್ಲಿ ಯಾರದೋ ವಶದಲ್ಲಿ ಸುರಕ್ಷಿತವಾಗಿತ್ತು. ಆ ಎರಡು ವರ್ಷದಲ್ಲಿ ಎಷ್ಟು ರೈತರ ಕೋವಿಗಳು ಠಾಣೆಗೆ ಹೋಗಿಬಂದವು ಎಂಬುದಕ್ಕೆ ಮಾತ್ರ ನಮ್ಮಲ್ಲಿ ರಸೀದಿಗಳಿವೆ.

ಈ ನಾಡ ಪಿಸ್ತೂಲುಗಳು ಎಲ್ಲಿಂದ ಬರುತ್ತವೆ ಎನ್ನುವುದು ಗುಟ್ಟೇನಲ್ಲ. ಮೀರ್ ಕಾಸಿಮನ ಕಾಲದಿಂದ ಬಂದೂಕು ತಯಾರಿಕೆಗೆ ಹೆಸರಾದ ಬಿಹಾರದ ಮುಂಗೇರ್, ಮಧ್ಯಪ್ರದೇಶದ ಖರ್ಗೋನ್, ಬಡವಾನಿ, ಧಾರ್ ಸೀಮೆ, ಉತ್ತರ ಪ್ರದೇಶದ ಕೆಲವು ಜಿಲ್ಲೆಗಳು. ಅಲ್ಲಿಂದ ಮಹಾರಾಷ್ಟ್ರ ದಾಟಿ ವಿಜಯಪುರ, ಕಲಬುರಗಿಯ ಭೀಮಾ ತೀರಕ್ಕೆ ಇಳಿಯುತ್ತವೆ. ಇಂಡಿ, ಚಡಚಣ, ಅಫಜಲಪುರದ ಜನ ‘ಕಂಟ್ರಿ ಪಿಸ್ತೂಲು’ ಎಂಬ ಮಾತನ್ನು ಅಪರಾಧ ಸುದ್ದಿಯ ಮಾಮೂಲಿ ಮಾತಾಗಿ ಕೇಳುತ್ತ ಬಂದಿದ್ದಾರೆ. ಜೋಳ, ಕಬ್ಬು, ನಿಂಬೆ ಬೆಳೆಯುವ ಆ ಮಣ್ಣಿಗೆ ಈ ಕೆಟ್ಟ ಹೆಸರು ಅಂಟಿದ್ದು ಅಲ್ಲಿಯವರಿಗೆ ಎಷ್ಟು ನೋವಿನ ಸಂಗತಿಯೆಂದು ರಾಜಧಾನಿಯಲ್ಲಿ ಕೂತವರಿಗೆ ತಿಳಿಯುವುದಿಲ್ಲ. ಆಗಾಗ ಒಂದು ಪತ್ರಿಕಾಗೋಷ್ಠಿ ನಡೆಯುತ್ತದೆ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಎರಡು ಪಿಸ್ತೂಲು, ಆರೇಳು ಜೀವಂತ ಗುಂಡು ಜೋಡಿಸಿಟ್ಟಿರುತ್ತಾರೆ. ಹಿಂದೆ ಮುಖಕ್ಕೆ ಬಟ್ಟೆ ಕಟ್ಟಿದ ನಾಲ್ವರು, ಪಕ್ಕದಲ್ಲಿ ಅಧಿಕಾರಿಗಳು. ಚಿತ್ರ ಮರುದಿನ ಪತ್ರಿಕೆಯಲ್ಲಿ ಬರುತ್ತದೆ, ನಾವೂ ಪ್ರಕಟಿಸುತ್ತೇವೆ. ಆ ಪಿಸ್ತೂಲನ್ನು ಎರಕ ಹೊಯ್ದವರು ಯಾರು, ತಂದುಕೊಟ್ಟ ದಲ್ಲಾಳಿ ಯಾರು, ಗುಂಡುಗಳು ಯಾವ ಕಾರ್ಖಾನೆಯಿಂದ ಯಾವ ಅಂಗಡಿಯ ಲೆಕ್ಕ ತಪ್ಪಿಸಿ ಹೊರಬಂದವು ಎಂಬುದನ್ನು ಹೇಳುವ ಎರಡನೇ ಪತ್ರಿಕಾಗೋಷ್ಠಿ ನಡೆಯುವುದಿಲ್ಲ. ಪಿಸ್ತೂಲನ್ನು ಕುಲುಮೆಯಲ್ಲಿ ಮಾಡಬಹುದು. ಒಳ್ಳೆಯ ತೋಟೆಯನ್ನು ಹಾಗೆ ಮಾಡುವುದು ಕಷ್ಟ. ಅದು ಎಲ್ಲೋ ಒಂದು ಅಧಿಕೃತ ಅಂಗಡಿಯ ಪುಸ್ತಕದಿಂದ ಸೋರಿದ್ದಿರಬಹುದು. ಆ ಸೋರಿಕೆ ಹುಡುಕಿ ನಿಲ್ಲಿಸಿದರೆ ಅರ್ಧ ಕೆಲಸ ಮುಗಿದಂತೆ.

2023ರ ಫೆಬ್ರುವರಿಯಲ್ಲಿ ಉತ್ತರ ಪ್ರದೇಶದ ಜಾಮೀನು ಅರ್ಜಿಯೊಂದರ ವಿಚಾರಣೆಯಲ್ಲಿ, ನ್ಯಾಯಮೂರ್ತಿ ಕೆ.ಎಂ. ಜೋಸೆಫ್ ಮತ್ತು ನಮ್ಮವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಪರವಾನಗಿಯಿಲ್ಲದ ಬಂದೂಕುಗಳ ಹಾವಳಿಯನ್ನು ಸ್ವಯಂಪ್ರೇರಣೆಯಿಂದ ಕೈಗೆತ್ತಿಕೊಂಡಿತು. ಅಮೆರಿಕದಂತೆ ಇಲ್ಲಿ ಬಂದೂಕು ಹಿಡಿಯುವುದು ಮೂಲಭೂತ ಹಕ್ಕಲ್ಲ ಎಂದು ನೆನಪಿಸಿತು. ಹಕ್ಕಲ್ಲದ್ದು ಹಕ್ಕಿನಂತೆ ಬೀದಿಯಲ್ಲಿ ಮೆರೆಯುತ್ತಿದೆ ಎಂಬುದೇ ಅವರ ಕಳವಳವಾಗಿತ್ತು.

ಮೆರೆಯುವ ಚಾಳಿ ಕಳ್ಳರಿಗೆ ಮಾತ್ರ ಇದ್ದಿದ್ದರೆ ಪೊಲೀಸರೇ ನೋಡಿಕೊಳ್ಳುತ್ತಿದ್ದರು. ಮರ್ಯಾದಸ್ಥರೆನಿಸಿಕೊಂಡವರಿಗೂ ಅದು ಅಂಟಿದೆ. ಭೂವ್ಯವಹಾರದಲ್ಲಿ ದಿಢೀರ್ ದುಡ್ಡು ಕಂಡವರಿಗೆ ಕಾರಿನ ಮುಂದಿನ ಸೀಟಿನಲ್ಲಿ ಗನ್‌ಮ್ಯಾನ್ ಇಲ್ಲದಿದ್ದರೆ ಸಮಾಧಾನವಿಲ್ಲ. ಆಯುಧಪೂಜೆಯ ದಿನ ರಿವಾಲ್ವರ್‌ಗೆ ಹೂಮಾಲೆ ಹಾಕಿ, ಫೋಟೊ ತೆಗೆದು ಊರಿಗೆಲ್ಲ ಹಂಚುತ್ತಾರೆ. ಮದುವೆ ದಿಬ್ಬಣದಲ್ಲಿ, ಹುಟ್ಟುಹಬ್ಬದ ಕೇಕಿನ ಮುಂದೆ, ಗೆದ್ದವರ ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸುವುದು ಉತ್ತರ ಭಾರತದಲ್ಲಿ ಎಷ್ಟು ಜೀವ ತೆಗೆದಿದೆಯೆಂದರೆ, 2019ರಲ್ಲಿ ಸಂಸತ್ತು ಅದಕ್ಕೆಂದೇ ಕಾಯ್ದೆಗೆ ತಿದ್ದುಪಡಿ ತಂದು ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಗೊತ್ತುಮಾಡಬೇಕಾಯಿತು. ಒಬ್ಬರಿಗೆ ಮೂರು ಬಂದೂಕಿನ ಮಿತಿಯನ್ನು ಒಂದಕ್ಕೆ ಇಳಿಸುವುದು ಅದೇ ಮಸೂದೆಯ ಮೂಲ ಆಶಯವಾಗಿತ್ತು. ವಿರೋಧ ಬಂದ ಮೇಲೆ ಎರಡಕ್ಕೆ ನಿಂತಿತು. ಆ ಎರಡನೆಯದು ಯಾವ ಕೆಲಸಕ್ಕೆ ಬೇಕು ಎಂದು ಪರವಾನಗಿ ಕೊಡುವವರು ಕೇಳಲೇಬೇಕಿತ್ತು. ಕೈಯಲ್ಲಿ ಪಿಸ್ತೂಲು ತಿರುಗಿಸುವ ವಿಡಿಯೊ ಹಾಕಿದ ಹದಿನೆಂಟರ ಹುಡುಗನನ್ನು ಹಿಡಿದು ಬುದ್ಧಿ ಹೇಳುವ ಸಮಾಜ, ಅದೇ ಕೆಲಸ ಮಾಡಿದ ಮುಖಂಡನ ಪಕ್ಕ ನಿಂತು ಚಪ್ಪಾಳೆ ತಟ್ಟುತ್ತದೆ. ಹುಡುಗ ಯಾರನ್ನು ನೋಡಿ ಕಲಿತ ಎಂದು ಬೇರೆ ಹೇಳಬೇಕಿಲ್ಲ.

ಪರವಾನಗಿ ಇದ್ದಮಾತ್ರಕ್ಕೆ ಕೋವಿ ಸಾಧುವಾಗುತ್ತದೆ ಎಂದು ನಂಬುವವರು ನಾಗಮಂಗಲ ತಾಲ್ಲೂಕಿನಲ್ಲಿ 2025ರ ಫೆಬ್ರುವರಿಯಲ್ಲಿ ನಡೆದದ್ದನ್ನು ಮರೆಯಬಾರದು. ಒಂದು ಕೋಳಿಫಾರಂ. ಅಲ್ಲಿ ಇಟ್ಟಿದ್ದ ಕೋವಿ ಬಾಲಕನೊಬ್ಬನ ಕೈಗೆ ಸಿಕ್ಕಿತು. ಆಟವಾಡುತ್ತ ಹಿಡಿದದ್ದು ಸಿಡಿಯಿತು. ಹೊಟ್ಟೆಪಾಡಿಗೆ ದೂರದಿಂದ ಬಂದು ದುಡಿಯುತ್ತಿದ್ದ ಕುಟುಂಬದ ನಾಲ್ಕು ವರ್ಷದ ಮಗು ಸತ್ತುಹೋಯಿತು. ಕೊಂದವನೂ ಮಗುವೇ. ಅವನು ಜೀವಮಾನವಿಡೀ ಆ ಸದ್ದನ್ನು ಹೊತ್ತುಕೊಂಡೇ ಬದುಕಬೇಕು. ಇಲ್ಲಿ ದುಷ್ಕರ್ಮಿ ಇಲ್ಲ, ಸಂಚು ಇಲ್ಲ, ಗಡಿಯಾಚೆಯಿಂದ ಬಂದ ಪಿಸ್ತೂಲೂ ಇಲ್ಲ. ಮಕ್ಕಳ ಕೈಗೆ ಎಟುಕದ ಒಂದು ಬೀಗ ಸಾಕಿತ್ತು. 2016ರ ಶಸ್ತ್ರಾಸ್ತ್ರ ನಿಯಮಾವಳಿ ಪರವಾನಗಿ ಬಯಸುವವರಿಂದ ತರಬೇತಿಯನ್ನೂ ಕೇಳುತ್ತದೆ, ಆಯುಧವನ್ನು ಭದ್ರವಾಗಿಡುವ ವ್ಯವಸ್ಥೆಯನ್ನೂ ಕೇಳುತ್ತದೆ. ಕಾಗದದ ಮೇಲೆ ಎಲ್ಲವೂ ಇದೆ. ಪರವಾನಗಿ ಕೊಟ್ಟ ಮೇಲೆ ಆ ಮನೆಗೆ ಹೋಗಿ, ಕೋವಿ ಅಟ್ಟದ ಮೇಲಿದೆಯೋ ಬಾಗಿಲ ಸಂದಿಯಲ್ಲಿದೆಯೋ, ಮದ್ದು ತುಂಬಿಯೇ ಇಟ್ಟಿದ್ದಾರೋ ಎಂದು ನೋಡುವವರು ಯಾರು? ಹಂದಿ ಬಂದಾಗ ತಕ್ಷಣ ಕೈಗೆ ಸಿಗಲಿ ಎಂದು ಈಡು ತುಂಬಿಯೇ ಮೂಲೆಗೆ ಒರಗಿಸುವ ಮನೆಗಳು ಎಷ್ಟೋ ಇವೆ. ರಾತ್ರಿ ಶಿಕಾರಿಗೆ ಹೋದವರಲ್ಲಿ ಒಬ್ಬ, ಪೊದೆ ಅಲುಗಿದ್ದನ್ನು ಕಂಡು ಹಂದಿಯೆಂದು ಬಗೆದು ಜೊತೆಗಾರನಿಗೇ ಹೊಡೆದ ಸುದ್ದಿ ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದಿಂದ ಆಗಾಗ ಬರುತ್ತದೆ. ಮನಸ್ಸು ಕುಸಿದ ಯಾರೋ ಒಬ್ಬರಿಗೆ ಆ ಒಂದು ಕೆಟ್ಟ ಗಳಿಗೆಯಲ್ಲಿ ಬೀಗವಿಲ್ಲದ ಕೋವಿ ಸಿಕ್ಕರೆ, ಮರುದಿನ ಬೆಳಗ್ಗೆ ಮನಸ್ಸು ಬದಲಾಯಿಸುವ ಅವಕಾಶವೇ ಇರುವುದಿಲ್ಲ.

ಕೊಡಗಿನ ಮಾತು ಬಂದಾಗ ಹೆಚ್ಚು ಎಚ್ಚರದಿಂದ ಮಾತಾಡಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಶುರುವಾದದ್ದು ಅದು. ಕೇಂದ್ರ ಸರ್ಕಾರ 2019ರ ಅಕ್ಟೋಬರಿನಲ್ಲಿ ಅದನ್ನು ಹತ್ತು ವರ್ಷಕ್ಕೆ, 2029ರವರೆಗೆ ಮುಂದುವರಿಸಿತು. ಹುಟ್ಟಿನ ಆಧಾರದ ಮೇಲೆ ವಿನಾಯಿತಿ ಕೊಡುವುದು ಸಮಾನತೆಗೆ ವಿರುದ್ಧ ಎಂದು ಸಲ್ಲಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್ 22ರಂದು ತಳ್ಳಿಹಾಕಿತು. ಕೈಲ್‌ಪೊಳ್ದ್ ಹಬ್ಬದ ದಿನ ಐನ್‌ಮನೆಯಲ್ಲಿ ಕೋವಿಗಳನ್ನು ಒರೆಸಿ, ದೀಪದ ಮುಂದೆ ಸಾಲಾಗಿಟ್ಟು, ನಳಿಗೆಗೆ ಕೆಂಪು ಹಳದಿಯ ತೋಕ್ ಪೂ ಸಿಕ್ಕಿಸುತ್ತಾರೆ. ಮನೆಯ ಹಿರಿಯರು ಕೊಟ್ಟ ಮೇಲೇ ಕಿರಿಯರು ಕೈಗೆತ್ತಿಕೊಳ್ಳಬೇಕು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಗುಡ್ಡದಾಚೆಯ ಮನೆಗೆ ಸುದ್ದಿ ಮುಟ್ಟುವ ಬಗೆ ಅದಾಗಿತ್ತು. ಈ ಸಂಸ್ಕೃತಿಯಲ್ಲಿ ಕೋವಿಗೆ ಗೌರವವಿದೆ, ಹಿರಿಯರ ಕಣ್ಗಾವಲಿದೆ. ಭೀಮಾ ತೀರದ ಪಿಸ್ತೂಲಿನೊಡನೆ ಇದನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಹಾಗೆಂದು ಹುಟ್ಟಿನಿಂದ ಬಂದ ವಿನಾಯಿತಿ ಪ್ರಶ್ನಾತೀತ ಎಂಬುದನ್ನೂ ಈ ಪತ್ರಿಕೆ ಒಪ್ಪುವುದಿಲ್ಲ. ಹಿರಿಯರಿದ್ದ ಐನ್‌ಮನೆಗಳು ಬೀಗ ಹಾಕಿಕೊಂಡು, ಮಕ್ಕಳು ಬೆಂಗಳೂರು ಸೇರಿರುವಾಗ ಹಳೆಯ ಕಣ್ಗಾವಲು ಎಷ್ಟು ಉಳಿದಿದೆ ಎಂಬುದನ್ನು ಕೊಡಗಿನವರೇ ಕೇಳಿಕೊಳ್ಳಬೇಕು. 2029ರ ಗಡುವು ಬರುವ ಮೊದಲು ಆ ಚರ್ಚೆಯನ್ನು ಅಲ್ಲಿಯ ಸಮಾಜಗಳೇ ಮುಂದಾಗಿ ನಡೆಸಲಿ. ದೆಹಲಿಯ ಅಧಿಸೂಚನೆಗೆ ಕಾಯುವುದು ಬೇಡ.

ಬಂದೂಕಿನ ಹಕ್ಕಿಗೆ ಸಂವಿಧಾನದ ಕಿರೀಟ ತೊಡಿಸಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕ ನಮ್ಮ ಕಣ್ಣೆದುರಿದೆ. 1791ರ ಎರಡನೇ ತಿದ್ದುಪಡಿಗೆ 2008ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ವ್ಯಕ್ತಿಯ ಹಕ್ಕೆಂಬ ಅರ್ಥ ಕೊಟ್ಟಿತು. 2012ರ ಡಿಸೆಂಬರಿನಲ್ಲಿ ಕನೆಕ್ಟಿಕಟ್‌ನ ಸ್ಯಾಂಡಿ ಹುಕ್ ಶಾಲೆಯಲ್ಲಿ ಇಪ್ಪತ್ತು ಪುಟ್ಟ ಮಕ್ಕಳು, ಆರು ಸಿಬ್ಬಂದಿ ಸತ್ತರು. ಬಂದೂಕು ಕೊಳ್ಳುವವರ ಹಿನ್ನೆಲೆ ತಪಾಸಣೆಯನ್ನು ಬಿಗಿಗೊಳಿಸುವ ಮಸೂದೆಗೆ ನಾಲ್ಕು ತಿಂಗಳ ನಂತರ ಸೆನೆಟ್‌ನಲ್ಲಿ 54 ಮತ ಬಂದವು, ಬೇಕಿದ್ದದ್ದು 60. 2022ರ ಮೇ ತಿಂಗಳಲ್ಲಿ ಟೆಕ್ಸಾಸ್‌ನ ಯುವಾಲ್ಡೆ ಶಾಲೆಯಲ್ಲಿ ಹತ್ತೊಂಬತ್ತು ಮಕ್ಕಳು, ಇಬ್ಬರು ಶಿಕ್ಷಕಿಯರು. ಒಳ್ಳೆಯವರ ಕೈಯಲ್ಲಿ ಬಂದೂಕಿದ್ದರೆ ಕೆಟ್ಟವರನ್ನು ತಡೆಯಬಹುದು ಎಂಬ ವಾದ ಅಲ್ಲಿಯೂ ಇಲ್ಲಿಯೂ ಕೇಳಿಬರುತ್ತದೆ. ಯುವಾಲ್ಡೆಗೆ ಅಂದು ಧಾವಿಸಿ ಬಂದ ಸಶಸ್ತ್ರ ಅಧಿಕಾರಿಗಳು 376 ಮಂದಿ. ತರಗತಿಯ ಬಾಗಿಲು ದಾಟಿ ಹಂತಕನನ್ನು ಎದುರಿಸಲು ಅವರಿಗೆ 77 ನಿಮಿಷ ಬೇಕಾಯಿತು. ಒಂದು ತಿಂಗಳು ಕಳೆಯುವಷ್ಟರಲ್ಲಿ ಅದೇ ದೇಶದ ಸುಪ್ರೀಂ ಕೋರ್ಟ್ ನ್ಯೂಯಾರ್ಕ್‌ನ ನೂರು ವರ್ಷಕ್ಕೂ ಹಳೆಯ ನಿರ್ಬಂಧವನ್ನು ರದ್ದುಮಾಡಿ, ಮನೆಯ ಹೊರಗೂ ಬಂದೂಕು ಒಯ್ಯುವ ಹಕ್ಕನ್ನು ಎತ್ತಿಹಿಡಿಯಿತು. 2020ರಿಂದ ಅಲ್ಲಿನ ಮಕ್ಕಳು ಮತ್ತು ಹದಿಹರೆಯದವರ ಸಾವಿಗೆ ಬಂದೂಕೇ ಮೊದಲ ಕಾರಣ. ಬಂದೂಕಿನಿಂದ ಸಾಯುವವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ತಮ್ಮ ಜೀವವನ್ನು ತಾವೇ ತೆಗೆದುಕೊಂಡವರು. ಅಲ್ಲಿ ನೆಲೆಸಿದ ನಮ್ಮ ಕನ್ನಡ ಕುಟುಂಬಗಳ ಮಕ್ಕಳೂ ತರಗತಿಯ ಬಾಗಿಲು ಹಾಕಿ, ದೀಪ ಆರಿಸಿ, ಮೂಲೆಯಲ್ಲಿ ಸದ್ದಿಲ್ಲದೆ ಕೂರುವ ಕವಾಯತನ್ನು ಅ ಆ ಇ ಈ ಜೊತೆಗೇ ಕಲಿಯುತ್ತಿದ್ದಾರೆ. ಊರಿನ ಅಜ್ಜ ಅಜ್ಜಿಯರು ಫೋನಿನಲ್ಲಿ ಶಾಲೆಯಲ್ಲಿ ಇವತ್ತು ಏನು ಕಲಿಸಿದರು ಎಂದು ಕೇಳಿದಾಗ ಆ ಮಕ್ಕಳು ಕೊಡುವ ಉತ್ತರ ಎದೆ ನಡುಗಿಸುತ್ತದೆ.

ಆ ದಾರಿ ನಮಗೆ ಬೇಡ. ಕಾಮತರ ತಿದ್ದುಪಡಿ ಬಿದ್ದದ್ದು ಒಳ್ಳೆಯದೇ ಆಯಿತು ಎಂದು ನಿಸ್ಸಂಕೋಚವಾಗಿ ಹೇಳಬೇಕು. ಆದರೆ ಹಕ್ಕು ಕೊಡದ ಸರ್ಕಾರಕ್ಕೆ ಹೊಣೆ ದುಪ್ಪಟ್ಟು. ನಿನ್ನ ರಕ್ಷಣೆ ನನ್ನ ಜವಾಬ್ದಾರಿ, ಆದ್ದರಿಂದ ನಿನಗೆ ಬಂದೂಕು ಬೇಕಿಲ್ಲ ಎಂದು ನಾಗರಿಕನಿಗೆ ಹೇಳಿದವರು ಬೀದರಿನ ರಸ್ತೆಯಲ್ಲಿ ಸತ್ತವರ ಮನೆಯವರಿಗೆ ಉತ್ತರ ಕೊಡಬೇಕು. ಹಂದಿ ಹೊಡೆಯಲೂ ಬಿಡದೆ, ಹೆದರಿಸಿ ಓಡಿಸುವ ಕೋವಿಯನ್ನೂ ಕಸಿದುಕೊಂಡು, ಬೆಳೆ ಪರಿಹಾರದ ಅರ್ಜಿಗೆ ತಿಂಗಳುಗಟ್ಟಲೆ ಕಾಯಿಸುವವರು ಮಲೆನಾಡಿನ ರೈತನಿಗೂ ಉತ್ತರ ಕೊಡಬೇಕು.

ಮುಂದಿನ ಚುನಾವಣೆಯ ದಿನಾಂಕ ಪ್ರಕಟವಾಗುವ ಮೊದಲೇ ಪ್ರತಿ ಜಿಲ್ಲೆಯ ಪರಿಶೀಲನಾ ಸಮಿತಿ ಕೂತು, ಕ್ರಿಮಿನಲ್ ಮೊಕದ್ದಮೆ ಇರುವವರು, ಹಿಂದಿನ ಚುನಾವಣೆಗಳಲ್ಲಿ ಗಲಾಟೆಗೆ ಇಳಿದವರು, ರಾಜಕೀಯ ಮುಖಂಡರ ಬೆನ್ನಿಗೆ ನಿಲ್ಲುವ ಖಾಸಗಿ ಗನ್‌ಮ್ಯಾನ್‌ಗಳು ಯಾರೆಂದು ಹೆಸರು ಹಿಡಿದು ಪಟ್ಟಿ ಮಾಡಲಿ. ಅವರ ಆಯುಧ ಮೊದಲು ಠಾಣೆಗೆ ಬರಲಿ. ಬೆಳೆ ರಕ್ಷಣೆಗೆ ಕೋವಿ ಇಟ್ಟುಕೊಂಡ ರೈತನನ್ನು ಬಿಟ್ಟುಬಿಡಿ. ಅವನ ಮನೆಗೆ ವರ್ಷಕ್ಕೊಮ್ಮೆ ಬೀಟ್ ಪೊಲೀಸರು ಹೋಗಿ ಕೋವಿಗೆ ಬೀಗವಿದೆಯೇ, ಮದ್ದು ಬೇರೆ ಇದೆಯೇ, ಮನೆಯಲ್ಲಿ ಮಕ್ಕಳಿದ್ದಾರೆಯೇ ಎಂದು ನೋಡಿಬರಲಿ. ಚುನಾವಣೆಗೊಮ್ಮೆ ರಸೀದಿ ಬರೆಯಲು ವ್ಯಯವಾಗುವ ಸಮಯ ಅದಕ್ಕೆ ಸಾಕು. ಕಳೆದ ಹತ್ತು ವರ್ಷದಲ್ಲಿ ರಾಜ್ಯದಲ್ಲಿ ವಶಪಡಿಸಿಕೊಂಡ ನಾಡ ಪಿಸ್ತೂಲುಗಳೆಷ್ಟು, ಅವುಗಳಲ್ಲಿ ತಯಾರಕನವರೆಗೆ ತನಿಖೆ ಮುಟ್ಟಿದ್ದು ಎಷ್ಟು, ಶಿಕ್ಷೆಯಾದದ್ದು ಎಷ್ಟು, ಪತ್ತೆಯಾದ ಗುಂಡುಗಳು ಯಾವ ಅಂಗಡಿಯ ಪರವಾನಗಿಯಲ್ಲಿ ಮಾರಾಟವಾಗಿದ್ದವು ಎಂಬ ವಿವರವನ್ನು ಗೃಹ ಸಚಿವರು ಬರುವ ಅಧಿವೇಶನದಲ್ಲಿ ಸದನದ ಮುಂದೆ ಇಡಲಿ. ವಿರೋಧ ಪಕ್ಷದವರು ಈ ನಾಲ್ಕು ಪ್ರಶ್ನೆಗಳನ್ನು ಕೇಳದಿದ್ದರೆ, ಆಡಳಿತ ಪಕ್ಷದ ಶಾಸಕರೇ ಕೇಳಲಿ. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಸಾಕು, ಉತ್ತರವನ್ನು ನಾವು ಮುಖಪುಟದಲ್ಲಿ ಪ್ರಕಟಿಸುತ್ತೇವೆ.